ಬೆಟ್ಟದ ತಪ್ಪಲಿನವಳು ನೀರಿಗೆ ಇಳಿದದ್ದು

(ನಮ್ಮ ಪಾಡ್‌ಕಾಸ್ಟ್‌ನಲ್ಲಿ ಪ್ರಸಾರವಾದ ಮಾತಿನ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಸ್ಕೂಬಾ ಡೈವಿಂಗ್ ಬಗ್ಗೆ ಮಾತಾಡೋಕೆ ಗುಂಡ್ಲುಪೇಟೆ ತಾಲ್ಲೂಕಿನವಳನ್ನ ಕರೆದಿದ್ದಾರೆ ಅಂದ್ರೆ ನಿಮಗೆ ನಗು ಬರಬಹುದು. ನಮ್ಮೂರಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸಿಗೋಕೆ ಒಂದು ಘಾಟಿ ಇಳಿಯಲೇಬೇಕು. ಹಂಗಳದ ಹತ್ತಿರದ ಹಳ್ಳಿ ನಮ್ಮದು. ಮನೆ ಹಿತ್ತಲಲ್ಲಿ ನಿಂತರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಕಾಣುತ್ತೆ. ಕಾಣುತ್ತೆ ಅನ್ನೋದಕ್ಕಿಂತ, ವರ್ಷದಲ್ಲಿ ಅರ್ಧ ದಿನ ಬೆಟ್ಟ ಇರಬೇಕಾದ ಜಾಗದಲ್ಲಿ ಮೋಡ ಕಾಣುತ್ತೆ. 1454 ಮೀಟರ್ ಎತ್ತರ. ಬಂಡೀಪುರ ಕಾಡಿನಲ್ಲೇ ಎತ್ತರದ ಶಿಖರ. ಮೇಲೆ ಹೊಯ್ಸಳರ ಕಾಲದ್ದು ಅಂತ ಹೇಳುವ ದೇವಸ್ಥಾನ, ಕೊಳಲು ಹಿಡಿದ ಗೋಪಾಲಸ್ವಾಮಿ. ಬೇಸಿಗೆಯಲ್ಲೂ ಗರ್ಭಗುಡಿಯಲ್ಲಿ ತಣ್ಣಗೆ ನೀರು ಜಿನುಗುತ್ತೆ. ಆದರೆ ಕೆಳಗೆ ನಮ್ಮ ಹೊಲಗಳಲ್ಲಿ ನೀರಿಲ್ಲ. ಚೆಂಡು ಹೂವು, ಸೂರ್ಯಕಾಂತಿ ಬೆಳೆದದ್ದನ್ನ ನೀವು ಜುಲೈ-ಆಗಸ್ಟಲ್ಲಿ ಬಂದು ಫೋಟೊ ಹೊಡ್ಕೊಂಡು ಹೋಗ್ತೀರ, ಅದೆಲ್ಲ ಮಳೆ ನಂಬಿಕೊಂಡ ಬೆಳೆ. ಮಳೆ ಬಿಟ್ಟರೆ ಬೋರ್‌ವೆಲ್.

ಇಂಥ ಕಡೆ ಹುಟ್ಟಿದವರಿಗೆ ನೀರಿನ ಭಯ ಯಾಕೆ ಬರುತ್ತೆ? ನೀರೇ ಇಲ್ಲದ ಕಡೆ ನೀರಿಗೆ ಹೆದರೋದು ಹೇಗೆ ಅಂತ ನನ್ನ ಸಹೋದ್ಯೋಗಿ ಒಬ್ಬರು ಕೇಳಿದ್ರು. ಅವರು ಕರಾವಳಿಯವರು. ನನ್ನ ಪ್ರಕಾರ ಇಂಥ ಕಡೆಯೇ ಜಾಸ್ತಿ ಬರುತ್ತೆ. ನದಿ ದಡದ ಮಕ್ಕಳಿಗೆ ನೀರು ದಿನಾ ನೋಡೋ ಮುಖ. ನಮಗೆ ನೀರು ಅಂದ್ರೆ ಬಿಂದಿಗೆಯಲ್ಲಿ ಇರೋದು, ಇಲ್ಲಾ ಬಾವಿಯ ತಳದಲ್ಲಿ ಕಪ್ಪಗೆ ಇರೋದು. ಮಧ್ಯದ್ದು ಯಾವುದೂ ಗೊತ್ತಿಲ್ಲ.

ಬಾವಿಯ ವಿಷಯ ಹೇಳಲೇಬೇಕು. ನಮ್ಮ ಕಡೆ ತೆರೆದ ಬಾವಿಗಳು ಆಳ. ಗೋಡೆಯಿಂದ ಹೊರಕ್ಕೆ ಚಾಚಿದ ಕಲ್ಲುಗಳೇ ಮೆಟ್ಟಿಲು. ನಮ್ಮ ಅಪ್ಪನ ತಲೆಮಾರಿನ ಗಂಡು ಮಕ್ಕಳು ಸೋರೆ ಬುರುಡೆ ಕಟ್ಟಿಕೊಂಡು ಅಲ್ಲೇ ಈಜು ಕಲಿತವರು. ಆದರೆ ಎಲ್ಲರೂ ಅಲ್ಲ. ನಮ್ಮ ಚಿಕ್ಕಪ್ಪ ಕಲಿತಿರಲಿಲ್ಲ. ನಾನು ಎರಡನೇ ಕ್ಲಾಸಲ್ಲಿ ಇದ್ದಾಗ ಪಂಪಿನ ಪೈಪು ಎತ್ತೋಕೆ ಅಂತ ಬಾವಿಗೆ ಇಳಿದವರು ಕಾಲು ಜಾರಿ ನೀರಿಗೆ ಬಿದ್ದರು. ಮೇಲೆ ನಾಲ್ಕು ಜನ ನಿಂತಿದ್ರಂತೆ. ಯಾರಿಗೂ ಈಜು ಬರ್ತಿರಲಿಲ್ಲ. ಹಗ್ಗ ಹುಡುಕಿಕೊಂಡು ಬರೋ ಹೊತ್ತಿಗೆ ಎಲ್ಲಾ ಮುಗಿದಿತ್ತು. ಅವರಿಗೆ ಆಗ ಇಪ್ಪತ್ತಾರು ವರ್ಷ.

ಅವತ್ತಿಂದ ನಮ್ಮ ಮನೆಯಲ್ಲಿ ಒಂದು ಕಾನೂನು ಬಂತು. ಯಾರೂ ಬರೆದದ್ದಲ್ಲ, ಆದರೆ ಸಂವಿಧಾನಕ್ಕಿಂತ ಗಟ್ಟಿ. ಅವ್ವ ಹೇಳೋಳು, ‘ನೀರ್ಗೂ ಬೆಂಕಿಗೂ ನೆಂಟಸ್ತನ ಬ್ಯಾಡ ಕಣವ್ವ.’ ನಂಜನಗೂಡಿಗೆ ಹೋದ್ರೆ ಕಪಿಲೆಯಲ್ಲಿ ನಾವು ಮುಳುಗ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂರಿಸಿ ಚೊಂಬಲ್ಲಿ ಸುರೀತಿದ್ರು. ಗೋಪಾಲಸ್ವಾಮಿ ಬೆಟ್ಟದಲ್ಲಿ ಹಂಸತೀರ್ಥ ಅಂತ ಒಂದಿದೆ. ಕಾಗೆ ಅದರಲ್ಲಿ ಮುಳುಗಿ ಹಂಸ ಆಯ್ತು, ಅದಕ್ಕೇ ಆ ಬೆಟ್ಟಕ್ಕೆ ಕಾಗೆ ಬರಲ್ಲ ಅಂತ ಕಥೆ. ನಮ್ಮಜ್ಜಿ ಭಕ್ತಿಯಿಂದ ಹೇಳೋರು. ನನಗೆ ಮಾತ್ರ ಆ ಕಾಗೆಗೆ ತಲೆ ಮುಳುಗಿಸೋ ಧೈರ್ಯ ಎಲ್ಲಿಂದ ಬಂತು ಅನ್ನೋದೇ ಪ್ರಶ್ನೆ.

ನನ್ನ ಭಯ ಯಾವ ಥರದ್ದು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಯಾಕಂದ್ರೆ ‘ನೀರಿನ ಭಯ’ ಅಂದ್ರೆ ಎಲ್ಲರದ್ದೂ ಒಂದೇ ಅಲ್ಲ. ಕೆಲವರಿಗೆ ಆಳದ ಭಯ, ಕೆಲವರಿಗೆ ಕೆಳಗೇನಿದೆಯೋ ಅನ್ನೋ ಭಯ. ನನ್ನದು ಮುಖದ ಮೇಲೆ ನೀರು ಬರೋ ಭಯ. ಮೂಗಿನ ಮೇಲೆ ನೀರು ಬಂದ ಕ್ಷಣ ಎದೆ ಹಿಡಿದು ಉಸಿರು ಒಳಕ್ಕೆ ಎಳೆದುಬಿಡ್ತಿದ್ದೆ. ಶವರ್ ಕೆಳಗೆ ನಿಂತು ತಲೆ ಸ್ನಾನ ಮಾಡಿದವಳಲ್ಲ ನಾನು. ಬಕೆಟ್ಟು, ಚೊಂಬು, ತಲೆ ಹಿಂದಕ್ಕೆ ಬಾಗಿಸಿ, ಹಣೆಗೆ ಕೈ ಅಡ್ಡ. ನಲವತ್ತು ವರ್ಷ ಹೀಗೇ ಕಳೆದಿದೆ. ಅದರಿಂದ ಏನೂ ನಷ್ಟ ಆಗಿರಲಿಲ್ಲ, ನಿಜ ಹೇಳಬೇಕಂದ್ರೆ.

ಆಮೇಲೆ ನಮ್ಮಣ್ಣ ಕೃಷಿ ಹೊಂಡ ತೋಡಿಸಿದ.

2014ರಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಒಣಭೂಮಿ ಇರೋ ಜಿಲ್ಲೆಗಳಲ್ಲೆಲ್ಲ ಈ ಹೊಂಡಗಳು ಬಂದವು. ಒಳ್ಳೇ ಯೋಜನೆ, ನಾನು ಬೈಯಲ್ಲ. ಮಳೆ ನೀರು ಇಂಗದ ಹಾಗೆ ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸ್ತಾರೆ. ಆ ಹಾಳೆಯೇ ಅಪಾಯ. ಒಂದು ಸಲ ಪಾಚಿ ಕಟ್ಟಿದ್ರೆ ಗಾಜಿನ ಥರ ಜಾರುತ್ತೆ. ಇಳಿಜಾರು ಗೋಡೆ, ಹಿಡಿಯೋಕೆ ಒಂದು ಕಲ್ಲಿಲ್ಲ, ಬೇರಿಲ್ಲ. ಬಾವಿಯಲ್ಲಾದ್ರೂ ಚಾಚಿದ ಕಲ್ಲಿತ್ತು. ಹೊಂಡಕ್ಕೆ ಬಿದ್ದ ಈಜು ಬರೋರೂ ಮೇಲೆ ಹತ್ತೋಕೆ ಆಗದೆ ಸುಸ್ತಾಗ್ತಾರೆ. ರಾಜ್ಯದ ಬೇರೆ ಬೇರೆ ಕಡೆ ಮಕ್ಕಳು ಹೀಗೆ ಹೋದ ಸುದ್ದಿ ನೀವೂ ಓದಿರ್ತೀರಿ. ಎಷ್ಟೋ ಸಲ ಒಬ್ಬರನ್ನ ಎತ್ತೋಕೆ ಹೋಗಿ ಇನ್ನೊಬ್ಬರು. ವಿಶ್ವ ಆರೋಗ್ಯ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿ ಪ್ರಕಾರ, 2021ರಲ್ಲಿ ಜಗತ್ತಿನಲ್ಲಿ ನೀರಲ್ಲಿ ಮುಳುಗಿ ಸತ್ತವರು ಸುಮಾರು 3 ಲಕ್ಷ ಜನ. ಅದರಲ್ಲಿ ಹೆಚ್ಚಿನವರು ಬೀಚಿನಲ್ಲಿ ಮಜಾ ಮಾಡೋಕೆ ಹೋದವರಲ್ಲ. ಬಡ ದೇಶಗಳ ಹಳ್ಳಿಗಳಲ್ಲಿ, ಮನೆ ಹತ್ತಿರದ ಕೆರೆ, ಬಾವಿ, ಗುಂಡಿಗಳಲ್ಲಿ ಹೋದವರು.

ಅಣ್ಣನ ಮಕ್ಕಳಿಬ್ಬರು, ನನ್ನ ಮಗಳೊಬ್ಬಳು. ಮೂವರೂ ರಜೆಗೆ ಅಲ್ಲೇ. ಹೊಂಡ ಮನೆಯಿಂದ ನೂರೈವತ್ತು ಹೆಜ್ಜೆ. ಅದರಲ್ಲಿ ನೀರು ತುಂಬಿದ ಮೊದಲ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮನೆಯಲ್ಲಿ ದೊಡ್ಡವರು ಐದು ಜನ ಇದ್ದೀವಿ, ಒಬ್ಬರಿಗೂ ಈಜು ಬರಲ್ಲ. ಆ ನಾಲ್ಕು ಜನ ಬಾವಿ ಮೇಲೆ ನಿಂತಿದ್ದು ನೆನಪಾಯ್ತು.

ಸರಿ, ಹಾಗಾದ್ರೆ ಈಜು ಕಲೀಬೇಕಿತ್ತು, ಸ್ಕೂಬಾ ಯಾಕೆ? ಇದನ್ನ ಎಲ್ಲರೂ ಕೇಳ್ತಾರೆ. ಈಜು ಕ್ಲಾಸಿಗೆ ಸೇರಿದ್ದೆ, ಮೈಸೂರಲ್ಲಿ. ಮೊದಲ ದಿನವೇ ‘ಉಸಿರು ಹಿಡಿದು ಮುಖ ಮುಳುಗಿಸಿ’ ಅಂದ್ರು. ನನ್ನ ಕೈಲಿ ಆಗೋದೇ ಅದೊಂದು ಅಲ್ಲ. ಮೂರು ದಿನ ಕಂಬಿ ಹಿಡ್ಕೊಂಡು ನಿಂತೆ. ಪಕ್ಕದಲ್ಲಿ ಆರು ವರ್ಷದ ಹುಡುಗರು ಕಪ್ಪೆ ಥರ ಹಾರ್ತಿದ್ರು. ಅದೇ ಸಮಯದಲ್ಲಿ ಮನೆಯಲ್ಲಿ ‘ಗಂಧದ ಗುಡಿ’ ನೋಡಿದ್ವಿ, 2022ರ ಅಕ್ಟೋಬರಲ್ಲಿ ಬಂತಲ್ಲ, ಅಪ್ಪು ಅವರು ಅಮೋಘವರ್ಷ ಜೊತೆ ಕಾಡು-ಕಡಲು ಸುತ್ತುವ ಚಿತ್ರ. ಅದರಲ್ಲಿ ನೇತ್ರಾಣಿ ದ್ವೀಪದ ಹತ್ತಿರ ನೀರೊಳಗೆ ಹೋಗ್ತಾರೆ. ಎಲ್ಲರೂ ಅಪ್ಪುನ ನೋಡ್ತಿದ್ರು, ನಾನು ಗುಳ್ಳೆ ನೋಡ್ತಿದ್ದೆ. ನೀರೊಳಗಿದ್ದೂ ಉಸಿರಾಡ್ತಿದ್ದಾರೆ! ನನ್ನ ತೊಂದರೆ ಉಸಿರು ನಿಲ್ಲಿಸೋದು. ಉಸಿರು ನಿಲ್ಲಿಸದೆ ಮುಖ ಮುಳುಗಿಸೋ ವಿದ್ಯೆ ಇದೆಯಲ್ಲ ಅನ್ನಿಸ್ತು. ಅಷ್ಟೇ ತರ್ಕ.

ಈ ಸಾಧನ ಬಂದದ್ದು 1943ರಲ್ಲಿ. ಫ್ರಾನ್ಸಿನ ಝಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾ ಸೇರಿ ಮಾಡಿದ್ದು. ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರ್ ಇದೆಯಲ್ಲ, ಅದು ನೀವು ಉಸಿರು ಎಳೆದಾಗ ಮಾತ್ರ ಗಾಳಿ ಕೊಡುತ್ತೆ, ಅದೂ ನೀವಿರುವ ಆಳದ ಒತ್ತಡಕ್ಕೆ ಸರಿಹೊಂದಿಸಿ. ಬೆನ್ನ ಮೇಲಿನ ಸಿಲಿಂಡರ್‌ನಲ್ಲಿ ಇರೋದು ಆಮ್ಲಜನಕ ಅಲ್ಲ, ನಾವು ಈಗ ಉಸಿರಾಡ್ತಿರೋ ಮಾಮೂಲಿ ಗಾಳಿ, ಒತ್ತಿ ತುಂಬಿದ್ದು. ಸುಮಾರು 2,200 ಲೀಟರ್ ಹಿಡಿಯುತ್ತೆ. ಪತ್ರಿಕೆಯವರು ಯಾವಾಗಲೂ ‘ಆಕ್ಸಿಜನ್ ಸಿಲಿಂಡರ್’ ಅಂತಲೇ ಬರೀತಾರೆ, ದಯವಿಟ್ಟು ಬಿಡಿ ಅದನ್ನ.

ಅಭ್ಯಾಸ ಶುರುವಾದದ್ದು ಸಮುದ್ರದಲ್ಲಿ ಅಲ್ಲ, ಬಚ್ಚಲಲ್ಲಿ. ಸ್ಕೂಬಾ ಹೇಳಿಕೊಡುವವರನ್ನ ಫೋನಲ್ಲಿ ಕೇಳಿದ್ದಕ್ಕೆ ಅವರು ಹೇಳಿದ್ರು, ‘ಮೊದಲು ಒಂದು ಟಬ್‌ನಲ್ಲಿ ನೀರು ತುಂಬಿಸಿ, ಬಾಯಲ್ಲಿ ಸ್ನಾರ್ಕಲ್ ಕೊಳವೆ ಇಟ್ಕೊಳ್ಳಿ, ಕನ್ನಡಕ-ಮಾಸ್ಕ್ ಏನೂ ಬೇಡ, ಮೂಗು ಮುಳುಗಿಸಿ, ಬಾಯಲ್ಲಿ ಉಸಿರಾಡಿ.’ ಕೇಳೋಕೆ ಸುಲಭ. ಮಾಡಿ ನೋಡಿ. ಮೂಗಿಗೆ ನೀರು ತಾಗಿದ ತಕ್ಷಣ ಮೆದುಳು ಮೂಗೂ ಬಾಯೂ ಎರಡನ್ನೂ ಮುಚ್ಚು ಅನ್ನುತ್ತೆ. ಮೂಗು ಬೇರೆ, ಬಾಯಿ ಬೇರೆ ಅಂತ ದೇಹಕ್ಕೆ ಕಲಿಸಬೇಕು. ಮೊದಲ ದಿನ ಎರಡು ಉಸಿರು. ಒಂದು ವಾರಕ್ಕೆ ಹತ್ತು. ಮೂರನೇ ವಾರಕ್ಕೆ ಐದು ನಿಮಿಷ. ಮಗಳು ಬಚ್ಚಲ ಬಾಗಿಲಲ್ಲಿ ಕೂತು ಎಣಿಸ್ತಿದ್ಲು. ಅವ್ವ ‘ಇದೇನು ಎಮ್ಮೆ ಕಲಗಚ್ಚು ಕುಡ್ದಂಗೆ’ ಅಂತ ಬೈಕೊಂಡು ಓಡಾಡ್ತಿದ್ಲು. ನನಗೆ ಕೇಳಿದ್ರೆ ಇಡೀ ಕಲಿಕೆಯಲ್ಲಿ ಅತಿ ಮುಖ್ಯವಾದದ್ದು ಈ ಮೂರು ವಾರ. ಒಂದು ಪೈಸೆ ಖರ್ಚಿಲ್ಲ, ಆ ಕೊಳವೆ ಒಂದು ಬಿಟ್ಟು.

ಇಲ್ಲೊಂದು ವಿಷಯ ತಿಳಿದಿದ್ರೆ ಭಯಕ್ಕೆ ಅರ್ಥ ಸಿಗುತ್ತೆ. ಉಸಿರು ಕಟ್ಟಿದಂಗೆ ಆಗೋದು ಆಮ್ಲಜನಕ ಕಡಿಮೆಯಾಗಿ ಅಂತ ನಾವು ಅಂದ್ಕೊಂಡಿದ್ದೀವಿ. ಬಹುಮಟ್ಟಿಗೆ ಅದು ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗಿ ಬರೋ ತಳಮಳ. ಹೆದರಿದಾಗ ನಾವು ಎದೆಯ ಮೇಲ್ಭಾಗದಲ್ಲೇ ಚುಟುಕು ಚುಟುಕಾಗಿ ಉಸಿರಾಡ್ತೀವಿ. ಕೊಳವೆ ಇಟ್ಕೊಂಡು ಹಾಗೆ ಮಾಡಿದ್ರೆ ಹಳೇ ಗಾಳಿ ಪೂರ್ತಿ ಹೊರಗೆ ಹೋಗಲ್ಲ, ಡೈಆಕ್ಸೈಡ್ ಸೇರುತ್ತೆ, ಇನ್ನಷ್ಟು ಗಾಬರಿ, ಇನ್ನಷ್ಟು ಚುಟುಕು ಉಸಿರು. ಅದಕ್ಕೇ ಎಳೆಯೋದರ ಕಡೆ ಗಮನ ಬೇಡ, ಬಿಡೋದರ ಕಡೆ ಕೊಡಿ ಅಂತಾರೆ. ಪೂರ್ತಿ ಬಿಟ್ಟರೆ ಒಳಗೆ ಬರೋದು ತಾನಾಗೇ ಬರುತ್ತೆ.

ಪ್ರಾಣಾಯಾಮ ಮಾಡೋರು ‘ನಮಗೆ ಇದು ಸುಲಭ’ ಅಂತಾರೆ. ಅರ್ಧ ನಿಜ. ನಿಧಾನ ಉಸಿರು ನಿಮಗೆ ಬರುತ್ತೆ. ಆದರೆ ಕುಂಭಕವನ್ನ ದಯವಿಟ್ಟು ಮನೆಯಲ್ಲೇ ಬಿಟ್ಟು ಬನ್ನಿ. ಸ್ಕೂಬಾದ ಮೊದಲ ನಿಯಮವೇ ಉಸಿರು ಹಿಡಿಯಬಾರದು ಅನ್ನೋದು. ಕಾರಣ ಲೆಕ್ಕದಲ್ಲಿದೆ. ಸಮುದ್ರದ ಮೇಲ್ಮೈಯಲ್ಲಿ ಒಂದು ವಾತಾವರಣದ ಒತ್ತಡ. 10 ಮೀಟರ್ ಇಳಿದರೆ ಎರಡು. ಅಲ್ಲಿ ಎದೆ ತುಂಬ ಉಸಿರು ಎಳೆದು, ಬಾಯಿ ಬಿಗಿದು ಮೇಲೆ ಬಂದ್ರೆ ಆ ಗಾಳಿ ಎರಡರಷ್ಟು ಹಿಗ್ಗೋಕೆ ನೋಡುತ್ತೆ. ಶ್ವಾಸಕೋಶ ಬಲೂನಲ್ಲ. ನನ್ನಂಥ ಹೆದರುಪುಕ್ಕಲರು ಗಾಬರಿಯಾದಾಗ ಮಾಡೋದು ಇದೇ ಎರಡು ಕೆಲಸ, ಉಸಿರು ಹಿಡಿಯೋದು, ಮೇಲಕ್ಕೆ ಚಿಮ್ಮೋದು. ಅಂದ್ರೆ ನೀರಿಗಿಂತ ನಮ್ಮ ಗಾಬರಿಯೇ ಹೆಚ್ಚು ಅಪಾಯ ತರುತ್ತೆ. ಇದನ್ನ ಕೇಳಿದಾಗ ನನಗೆ ಭಯ ಹೆಚ್ಚಾಗಲಿಲ್ಲ, ವಿಚಿತ್ರವಾಗಿ ಕಡಿಮೆಯಾಯ್ತು. ನೀರನ್ನ ನಾನು ಬದಲಾಯಿಸೋಕೆ ಆಗಲ್ಲ. ಉಸಿರು ನನ್ನ ಕೈಲಿದೆ.

ಇನ್ನು ಕಿವಿ. ಇಲ್ಲಿ ನಮ್ಮ ಬೆಟ್ಟ ನನಗೆ ಮೇಷ್ಟ್ರು.

ಗೋಪಾಲಸ್ವಾಮಿ ಬೆಟ್ಟಕ್ಕೆ ಹೋದವರಿಗೆ ಗೊತ್ತು, ತಪ್ಪಲಲ್ಲಿ ನಿಮ್ಮ ಗಾಡಿ ಬಿಟ್ಟು ಕೆಎಸ್ಸಾರ್ಟಿಸಿ ಬಸ್ಸು ಹತ್ತಬೇಕು. ಅರಣ್ಯ ಇಲಾಖೆ ಖಾಸಗಿ ಗಾಡಿ ಬಿಡಲ್ಲ. ಒಳ್ಳೇದೇ, ದೇವಸ್ಥಾನದ ಹತ್ತಿರಕ್ಕೇ ಆನೆ ಬರೋ ಜಾಗ ಅದು. ಬಸ್ಸು ತಿರುವು ತಿರುವಾಗಿ ಹತ್ತುವಾಗ ಕಿವಿ ಮಂದ ಆಗುತ್ತೆ, ಎಂಜಲು ನುಂಗಿದ್ರೆ ‘ಟಪ್’ ಅಂತ ಬಿಡುತ್ತೆ. ಚಿಕ್ಕವಳಿದ್ದಾಗಿಂದ ಗೊತ್ತಿರೋ ವಿಷಯ. ಮೂಗಿನ ಹಿಂದಿನಿಂದ ನಡುಗಿವಿಗೆ ಒಂದು ಸಣ್ಣ ನಾಳ ಇದೆ, ಯೂಸ್ಟೇಶಿಯನ್ ನಾಳ. ಹೊರಗಿನ ಒತ್ತಡ ಬದಲಾದಾಗ ಅದು ತೆರೆದುಕೊಂಡು ಒಳಗೂ ಸರಿಮಾಡಬೇಕು.

ಈಗ ಒಂದು ಲೆಕ್ಕ ನೋಡಿ, ನನಗೆ ಬಹಳ ಇಷ್ಟವಾದದ್ದು. ಗುಂಡ್ಲುಪೇಟೆ ಸುಮಾರು 800 ಮೀಟರ್ ಎತ್ತರದಲ್ಲಿದೆ. ಬೆಟ್ಟದ ತುದಿ 1454. ಈ 650 ಮೀಟರ್ ಹತ್ತಿದಾಗ ಗಾಳಿಯ ಒತ್ತಡ ಎಷ್ಟು ಬದಲಾಗುತ್ತೋ, ಅಷ್ಟು ಬದಲಾವಣೆ ನೀರಿನಲ್ಲಿ ಬರೀ 70 ಸೆಂಟಿಮೀಟರ್ ಇಳಿದರೆ ಆಗಿಹೋಗುತ್ತೆ. ಸೊಂಟದಷ್ಟು ನೀರು! ಸಮುದ್ರ ಮಟ್ಟದಿಂದ ಗೋಪಾಲಸ್ವಾಮಿಯ ಪಾದದವರೆಗಿನ ಇಡೀ ಎತ್ತರವನ್ನ ತಗೊಂಡ್ರೂ ಒಂದೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ ನೀರಿನ ಆಳಕ್ಕೆ ಸಮ. ಬಸ್ಸಲ್ಲಿ ಅರ್ಧ ಗಂಟೆ ತಗೊಂಡು ಕಿವಿ ಸರಿಮಾಡಿಕೊಳ್ಳೋ ಕೆಲಸವನ್ನ ನೀರಲ್ಲಿ ಐದಾರು ಸೆಕೆಂಡಲ್ಲಿ ಮಾಡಬೇಕು. ಅದಕ್ಕೇ ಹೊಸಬರಿಗೆ ಮೊದಲ ಮೂರು ಮೀಟರ್‌ನಲ್ಲೇ ಕಿವಿ ಚುಚ್ಚೋದು. ಆಮೇಲೆ ಆಳಕ್ಕೆ ಹೋದಂತೆ ಸುಲಭ ಆಗುತ್ತೆ.

ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದೋದು. ಇದಕ್ಕೆ ವಾಲ್ಸಾಲ್ವ ಅಂತಾರೆ, ಸುಮಾರು 300 ವರ್ಷದ ಹಿಂದಿನ ಇಟಲಿಯ ವೈದ್ಯರೊಬ್ಬರ ಹೆಸರು. ನೋವು ಬಂದ ಮೇಲೆ ಅಲ್ಲ, ಬರೋಕ್ ಮುಂಚೆಯೇ ಮಾಡಬೇಕು. ಎರಡೆರಡು ಅಡಿಗೆ ಒಂದು ಸಲ. ಬಿಡಲಿಲ್ಲ ಅಂದ್ರೆ ಜೋರಾಗಿ ಊದಬಾರದು, ಒಂದು ಅಡಿ ಮೇಲೆ ಬಂದು ಮತ್ತೆ. ನೆಗಡಿ ಇದ್ರೆ ಅವತ್ತು ನೀರಿಗೆ ಇಳಿಯಲೇಬಾರದು. ದುಡ್ಡು ಕಟ್ಟಿಬಿಟ್ಟಿದ್ದೀವಿ ಅಂತ ಮಾತ್ರೆ ನುಂಗಿ ಇಳಿಯೋರಿದ್ದಾರೆ. ಕಿವಿ ತಮಟೆ ಒಡೆದುಕೊಂಡು ಬರ್ತಾರೆ. ಅಸ್ತಮಾ, ಹೃದಯದ ತೊಂದರೆ, ಹಿಂದೆ ಕಿವಿ ಆಪರೇಷನ್ ಆಗಿದ್ರೆ ಮೊದಲು ಡಾಕ್ಟರ್‌ ಹತ್ತಿರ ಹೋಗಿ. ಗರ್ಭಿಣಿಯರಿಗಂತೂ ಬೇಡವೇ ಬೇಡ. ಮುಂಚೆ ಒಂದು ಫಾರ್ಮ್ ಕೊಡ್ತಾರಲ್ಲ, ಅದಕ್ಕೆ ಸುಳ್ಳು ತುಂಬಬೇಡಿ.

ಮೈಸೂರಲ್ಲಿ ನಾಲ್ಕು ಭಾನುವಾರ ಈಜುಕೊಳದ ಆಳವಿಲ್ಲದ ಕಡೆ ಅಭ್ಯಾಸ ಮಾಡಿದ್ದು. ಬಾಯಿಂದ ರೆಗ್ಯುಲೇಟರ್ ತೆಗೆದು ಮತ್ತೆ ಹಾಕ್ಕೊಳ್ಳೋದು ಎರಡನೇ ಸಲಕ್ಕೇ ಬಂತು. ಮಾಸ್ಕ್ ಒಳಗೆ ನೀರು ತುಂಬಿಸಿ ಮೂಗಿಂದ ಊದಿ ಹೊರಗೆ ಹಾಕೋದು ಮಾತ್ರ ಎರಡು ವಾರ ಹಿಡೀತು. ಬೇರೆಯವರಿಗೆ ಇದು ಎರಡು ನಿಮಿಷದ ಕೆಲಸ. ನನಗೆ ಮಾಸ್ಕ್ ಅರ್ಧ ತುಂಬಿದಾಗ ಕಣ್ಣ ಮುಂದೆ ಆ ಬಾವಿ ಬರ್ತಿತ್ತು. ಬಚ್ಚಲ ಅಭ್ಯಾಸ ಕೈ ಹಿಡಿದದ್ದು ಅಲ್ಲೇ. ಮೂಗಲ್ಲಿ ನೀರಿದೆ, ಇರಲಿ, ಬಾಯಿ ಕೆಲಸ ಮಾಡ್ತಿದೆ. ಅಷ್ಟು ಹೇಳಿಕೊಂಡು ಮೂಗಿಂದ ನಿಧಾನ ಊದಿದ್ರೆ ನೀರು ಕೆಳಗಿಂದ ಸೋರಿ ಹೋಗುತ್ತೆ.

ಮಾಸ್ಕಿಗೆ ಹಬೆ ಕಟ್ಟೋದು ಇನ್ನೊಂದು. ಒಳಗೆ ಬಿಸಿ ಉಸಿರು, ಹೊರಗೆ ತಣ್ಣೀರು, ಗಾಜೆಲ್ಲ ಮಂಜು. ನಮ್ಮ ಬೆಟ್ಟದ ಮೇಲೆ ಬೆಳಿಗ್ಗೆ ಹೊತ್ತು ನಿಂತಂಗೇ. ಗಾಜಿಗೆ ಒಳಗಡೆಯಿಂದ ಎಂಜಲು ಹಚ್ಚಿ ತೊಳೆದ್ರೆ ಮಂಜು ಕಟ್ಟಲ್ಲ. ಅಷ್ಟು ದುಬಾರಿ ಸಾಮಾನು ಇಟ್ಕೊಂಡು ಕೊನೆಗೆ ಉಗುಳು ಬೇಕು! ಮಡಿ ಮನೆಯವರು ಬೇಬಿ ಶಾಂಪೂ ಹಚ್ಚಬಹುದು.

ನೇತ್ರಾಣಿಗೆ ಹೋದದ್ದು ಡಿಸೆಂಬರ್‌ನಲ್ಲಿ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಸಮುದ್ರದೊಳಗೆ, ಭಟ್ಕಳ ತಾಲ್ಲೂಕಿಗೆ ಸೇರಿದ ದ್ವೀಪ. ಯಾರೂ ವಾಸ ಇಲ್ಲ. ಬಿಳಿ ಹೊಟ್ಟೆಯ ಸಮುದ್ರ ಗಿಡುಗಗಳು ಗೂಡು ಕಟ್ಟೋ ಜಾಗ. ನೌಕಾಪಡೆಯವರು ಅಲ್ಲಿ ಗುಂಡಿನ ಗುರಿ ಅಭ್ಯಾಸ ಮಾಡ್ತಿದ್ದದ್ದಕ್ಕೆ ಪರಿಸರದವರು ಬಹಳ ವಿರೋಧ ಮಾಡಿದ್ರು. ಅದೇ ಒಂದು ಬೇರೆ ಕಾರ್ಯಕ್ರಮ ಆಗುತ್ತೆ. ದೋಣಿ ಹೊರಟ ಮೇಲೆ 123 ಅಡಿಯ ಶಿವ ಹೆಬ್ಬೆರಳಷ್ಟಾಗಿ, ಆಮೇಲೆ ಇಲ್ಲವೇ ಇಲ್ಲ. ಒಂದೂವರೆ ಗಂಟೆ ಪ್ರಯಾಣ. ಹೊಟ್ಟೆ ತೊಳೆಸಿ ಬೆಳಗಿನ ಇಡ್ಲಿ ಸಮುದ್ರಕ್ಕೆ ಅರ್ಪಣೆ ಆಯ್ತು.

ದೋಣಿ ಅಂಚಲ್ಲಿ ಕೂತು ಹಿಂದಕ್ಕೆ ಉರುಳಬೇಕು. ಉರುಳಿದೆ, ಮೇಲೆ ಬಂದೆ, ಜಾಕೆಟ್‌ನಲ್ಲಿ ಗಾಳಿ ಇರುತ್ತೆ, ಮುಳುಗಲ್ಲ. ಆದರೆ ಕೆಳಗೆ ನೋಡಿದ್ರೆ ನೀಲಿ, ತಳ ಕಾಣದ ನೀಲಿ. ಈಜುಕೊಳದಲ್ಲಿ ಕಲಿತದ್ದೆಲ್ಲ ಮರೆತುಹೋಯ್ತು. ಎದೆ ಬಡಿತ ನನಗೇ ಕೇಳಿಸ್ತಿತ್ತು. ಲಂಗರಿನ ಹಗ್ಗ ಹಿಡ್ಕೊಂಡು ಎರಡು ಮೀಟರ್ ಇಳಿದವಳು ಅಲ್ಲೇ ನಿಂತೆ. ನೀರೊಳಗೆ ಮಾತಿಲ್ಲ, ಕೈ ಸನ್ನೆ. ಹೆಬ್ಬೆರಳು ಮೇಲೆತ್ತಿದ್ರೆ ‘ಚೆನ್ನಾಗಿದೆ’ ಅಂತಲ್ಲ, ‘ಮೇಲೆ ಹೋಗೋಣ’ ಅಂತ. ಚೆನ್ನಾಗಿದೆ ಅನ್ನೋಕೆ ಹೆಬ್ಬೆರಳು-ತೋರುಬೆರಳು ಸೇರಿಸಿ ಸುತ್ತು. ನಮ್ಮವರ ತಲೆ ಆಡಿಸೋ ಅಭ್ಯಾಸವಂತೂ ಅಲ್ಲಿ ಯಾರಿಗೂ ಅರ್ಥ ಆಗಲ್ಲ. ಏನೋ ಸರಿಯಿಲ್ಲ ಅನ್ನೋಕೆ ಅಂಗೈ ಬಿಡಿಸಿ ಆ ಕಡೆ ಈ ಕಡೆ ಆಡಿಸೋದು. ನಾನು ಅದನ್ನ ಮಾಡಿದೆ.

ಆ ಶಿಕ್ಷಕರು ನನ್ನನ್ನ ಕೆಳಕ್ಕೆ ಎಳೀಲಿಲ್ಲ. ಮೇಲಕ್ಕೂ ಕಳಿಸಲಿಲ್ಲ. ನನ್ನ ಎದುರಿಗೆ ಅಷ್ಟೇ ಎತ್ತರದಲ್ಲಿ ನಿಂತು, ಕೈಯನ್ನ ಎದೆಯಿಂದ ಮುಂದಕ್ಕೆ ನಿಧಾನ ಸರಿಸಿ ‘ಉಸಿರು ಬಿಡಿ’ ಅಂತ ತೋರಿಸ್ತಾ ಇದ್ರು. ಎಷ್ಟು ಹೊತ್ತು ಅಂತ ಗೊತ್ತಿಲ್ಲ, ಆಮೇಲೆ ಕೇಳಿದ್ದಕ್ಕೆ ಆರು ನಿಮಿಷ ಅಂದ್ರು. ಗುಳ್ಳೆಗಳು ಮೇಲೆ ಹೋಗೋ ಸದ್ದು, ಒಂದು, ಆಮೇಲೆ ಇನ್ನೊಂದು. ಅವುಗಳ ನಡುವೆ ಅಂತರ ಜಾಸ್ತಿ ಆಗ್ತಾ ಹೋಯ್ತು. ಆಮೇಲೆ ನಾನೇ ಕೆಳಗೆ ಕೈ ತೋರಿಸಿದೆ. ಹಗ್ಗದ ಮೇಲೆ ಒಂದು ಗೇಣು, ಕಿವಿ. ಒಂದು ಗೇಣು, ಕಿವಿ. ಬಾವಿಯ ಹಗ್ಗ ಮೇಲಿಂದ ಬರಲಿಲ್ಲ ಅವತ್ತು, ಇಲ್ಲಿ ಹಗ್ಗ ನನ್ನ ಕೈಲಿತ್ತು. ಅದೆಲ್ಲ ಅಲ್ಲೇ ಹೊಳೀತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಅಲ್ಲಿ ಹೊಳೆದದ್ದು ಕಿವಿ, ಉಸಿರು, ಅಷ್ಟೇ.

ಒಂಬತ್ತು ಮೀಟರ್‌ಗೆ ಹೋದ್ವಿ. ತರಬೇತಿ ಪೂರ್ತಿ ಇಲ್ಲದವರನ್ನ 12 ಮೀಟರ್‌ಗಿಂತ ಕೆಳಗೆ ಒಯ್ಯೋ ಹಾಗಿಲ್ಲ. ಅಲ್ಲಿ ನನಗೆ ಅಚ್ಚರಿಯಾದದ್ದು ಎರಡು. ಒಂದು, ಸದ್ದು. ಗಿಳಿಮೀನು ಅಂತ ಇದೆ, ಗಿಳಿ ಕೊಕ್ಕಿನಂಥ ಬಾಯಿ, ಹವಳದ ಬಂಡೆ ಕಡಿದು ತಿನ್ನುತ್ತೆ. ಅದು ಕಡಿಯೋ ಸದ್ದು ಕಟಕಟ ಅಂತ ಕೇಳಿಸುತ್ತೆ, ಹುರಿಗಡಲೆ ಅಗಿದಂಗೆ. ಇನ್ನೊಂದು, ಬಣ್ಣ. ನನ್ನ ಮುಂಗೈಯಲ್ಲಿ ಬೆಟ್ಟದಲ್ಲಿ ಕಟ್ಟಿಸಿಕೊಂಡ ಕೆಂಪು ದಾರ ಇತ್ತು. ಕೆಳಗೆ ನೋಡಿದ್ರೆ ಅದು ಮಾಸಿದ ಕಂದು. ಕೆಂಪು ಬೆಳಕನ್ನ ನೀರು ಮೊದಲು ಹೀರಿಕೊಳ್ಳುತ್ತೆ, ಕೆಲವೇ ಮೀಟರ್‌ಗೆ ಕೆಂಪು ಕೆಂಪಾಗಿ ಉಳಿಯಲ್ಲ. ಶಿಕ್ಷಕರು ಟಾರ್ಚ್ ಬಿಟ್ಟರು, ದಾರ ಮತ್ತೆ ಕುಂಕುಮದ ಹಾಗೆ ಹೊಳೀತು. ಆ ದಾರ ನೋಡ್ತಾ ನನಗೆ ಹೆದರಿಕೆ ಆಗ್ತಿದೆಯಾ ಇಲ್ವಾ ಅಂತ ವಿಚಾರಿಸೋದೇ ಮರೆತಿದ್ದೆ.

ಭಯ ಹೋಯ್ತಾ ಅಂತ ಕೇಳ್ತಾರೆ. ಹೋಗಿಲ್ಲ. ಎರಡನೇ ಸಲ ಇಳಿಯುವಾಗಲೂ ಅದೇ ಎದೆ ಬಡಿತ, ಆದರೆ ಆರು ನಿಮಿಷದ ಬದಲು ಒಂದು ನಿಮಿಷ. ‘ಭಯ ಗೆದ್ದೆ’ ಅಂತ ಬೀಗೋ ವಿಡಿಯೊಗಳನ್ನ ನೋಡಿದ್ರೆ ನನಗೆ ಅನುಮಾನ ಬರುತ್ತೆ. ನನ್ನ ಮಟ್ಟಿಗೆ ಅದು ಬಸ್ಸಲ್ಲಿ ಪಕ್ಕದ ಸೀಟಿನ ಪ್ರಯಾಣಿಕ ಇದ್ದಂಗೆ. ಮೊದಲು ಅವನೇ ಸ್ಟೀರಿಂಗ್ ಹಿಡಿದಿದ್ದ.

ಮೇಲೆ ಬಂದ ಮೇಲೆ ಒಂದು ಮಾತು, ನಮ್ಮ ಘಟ್ಟದ ಮೇಲಿನವರಿಗೆ ಮುಖ್ಯ. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿರೋ ಸಾರಜನಕ ರಕ್ತದಲ್ಲಿ, ಅಂಗಾಂಶದಲ್ಲಿ ಕರಗಿ ಕೂತಿರುತ್ತೆ. ಅದು ನಿಧಾನಕ್ಕೆ ಹೊರಗೆ ಹೋಗಬೇಕು. ಅಷ್ಟರಲ್ಲಿ ಒತ್ತಡ ಕಡಿಮೆ ಇರೋ ಕಡೆ ಹೋದ್ರೆ ಸೋಡಾ ಬಾಟಲಿ ಮುಚ್ಚಳ ತೆಗೆದಂಗೆ ಗುಳ್ಳೆ ಏಳಬಹುದು. ಅದಕ್ಕೇ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನವರು ಒಂದು ಸಲ ಇಳಿದ ಮೇಲೆ ಕನಿಷ್ಠ 12 ಗಂಟೆ, ಹಲವು ಸಲ ಇಳಿದಿದ್ರೆ 18 ಗಂಟೆ ವಿಮಾನ ಹತ್ತಬೇಡಿ ಅಂತಾರೆ. ವಿಮಾನ ಅಂತ ಹೇಳಿದ್ದಕ್ಕೆ ನಮ್ಮವರು ‘ನಾವು ಬಸ್ಸಲ್ಲಿ ಹೋಗೋದು’ ಅಂತಾರೆ. ಬೆಟ್ಟದ ರಸ್ತೆಯೂ ಎತ್ತರವೇ. ಮಧ್ಯಾಹ್ನ ನೇತ್ರಾಣಿಯಲ್ಲಿ ಮುಳುಗಿ ಸಂಜೆಯ ಬಸ್ಸಲ್ಲಿ ಘಾಟಿ ಹತ್ತೋ ಆತುರ ಬೇಡ. ನಾವು ಒಂದು ರಾತ್ರಿ ಮುರುಡೇಶ್ವರದಲ್ಲೇ ಉಳಿದ್ವಿ. ಹರಕೆ ಅಂತ ಮಾರನೇ ದಿನವೇ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗೋದು ಅವ್ವನ ಆಸೆ. ಅದನ್ನೂ ಮುಂದಿನ ಶನಿವಾರಕ್ಕೆ ತಳ್ಳಿದ್ವಿ.

ಇನ್ನೊಂದು ವಿಷಯ ಖಡಾಖಂಡಿತವಾಗಿ ಹೇಳ್ತೀನಿ. ‘ಈಜು ಬರದಿದ್ರೂ ಸ್ಕೂಬಾ ಮಾಡಬಹುದು’ ಅಂತ ಪ್ರವಾಸದ ಜಾಹೀರಾತಲ್ಲಿ ಇರುತ್ತೆ. ಒಂದು ದಿನದ ಅನುಭವಕ್ಕೆ, ಶಿಕ್ಷಕರು ಕೈ ಹಿಡಿದು ಒಯ್ಯೋದಕ್ಕೆ ಅದು ನಿಜ. ಆದರೆ ಸ್ಕೂಬಾ ಮಾಡಿದ್ದೀನಿ ಅಂತ ನಿಮಗೆ ಈಜು ಬಂದಿರಲ್ಲ. ಮೊದಲ ಹಂತದ ಪ್ರಮಾಣಪತ್ರ ಬೇಕಂದ್ರೂ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ನನಗೆ ಸ್ಕೂಬಾ ಕೊಟ್ಟದ್ದು ಮುಖ ಮುಳುಗಿಸೋ ಧೈರ್ಯ. ಅದನ್ನ ತಗೊಂಡು ಅದೇ ಮೈಸೂರಿನ ಕೊಳಕ್ಕೆ ವಾಪಸ್ ಹೋದೆ, ಅದೇ ಕಂಬಿ ಹತ್ತಿರ. ಈಗ ಎರಡು ಸಲ ಕೊಳ ದಾಟ್ತೀನಿ, ಮಧ್ಯೆ ಮಲಗಿಕೊಂಡು ತೇಲಿ ಸುಧಾರಿಸಿಕೊಳ್ತೀನಿ. 200 ಮೀಟರ್ ಇನ್ನೂ ದೂರ ಇದೆ. ಮಗಳು ಆಗಲೇ ನನ್ನನ್ನ ದಾಟಿ ಹೋಗಿದ್ದಾಳೆ, ಅಣ್ಣನ ಮಕ್ಕಳೂ ಕಲೀತಿದ್ದಾರೆ.

ಹೊಂಡಕ್ಕೆ ಬೇಲಿ ಹಾಕಿಸಿದ್ವಿ, ಅದು ಮೊದಲ ಕೆಲಸ. ನಾಲ್ಕೂ ದಿಕ್ಕಿಗೆ ಗೂಟ ಹೊಡೆದು, ಮೊಳಕ್ಕೊಂದು ಗಂಟು ಹಾಕಿದ ಹಗ್ಗ ನೀರಿನವರೆಗೆ ಇಳಿಬಿಟ್ಟಿದ್ದೀವಿ. ಬರಿಗೈಯಲ್ಲಿ ಆ ಪ್ಲಾಸ್ಟಿಕ್ ಹತ್ತೋಕೆ ಆಗಲ್ಲ, ಗಂಟು ಹಿಡಿದು ಹತ್ತಬಹುದು. ಒಂದು ಹಳೇ ಲಾರಿ ಟ್ಯೂಬು, ಮುಚ್ಚಳ ಬಿಗಿದ ಎರಡು ಖಾಲಿ ಕ್ಯಾನು ದಡದಲ್ಲೇ ಕಟ್ಟಿದೆ. ಯಾರಾದ್ರೂ ಬಿದ್ರೆ ಹಿಂದೆ ಹಾರಬೇಡಿ, ಕ್ಯಾನು ಎಸೀರಿ, ಹಗ್ಗ ಎಸೀರಿ, ಸೀರೆ ಎಸೀರಿ, ಕೂಗಿ. ಇದನ್ನ ಮೂರೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೀವಿ. ಹೊಂಡ ಇರೋ ಪ್ರತಿ ಮನೆಯಲ್ಲೂ ಇಷ್ಟು ಮಾಡಬಹುದು. ಬೇಲಿ ಬಿಟ್ಟರೆ ಹೆಚ್ಚೇನೂ ಖರ್ಚಿಲ್ಲ, ಅರ್ಧ ದಿನದ ಕೆಲಸ. ಪಂಚಾಯ್ತಿಯವರು ಹೊಂಡದ ಬಿಲ್ಲು ಪಾಸು ಮಾಡೋ ಮುಂಚೆ ಈ ಹಗ್ಗ ಇದೆಯಾ ಅಂತ ನೋಡಿದ್ರೆ ಸಾಕು ಅನ್ನೋದು ನನ್ನ ಅಭಿಪ್ರಾಯ.

ಅವ್ವ ಇನ್ನೂ ನೀರಿಗೆ ಇಳಿದಿಲ್ಲ, ಇಳಿಯೋದೂ ಇಲ್ಲ. ನಾನು ಹೋಗುವಾಗ ಈಗಲೂ ಬಾಗಿಲಲ್ಲಿ ನಿಂತು ಬೈತಾಳೆ. ಆದರೆ ಹದಿನೈದು ದಿನಕ್ಕೊಂದು ಸಲ ಹೊಂಡದ ಹತ್ತಿರ ಹೋಗಿ ನಾಲ್ಕೂ ಹಗ್ಗ ಎಳೆದು ನೋಡಿ, ಬಿಸಿಲಿಗೆ ಸವೆದಿದ್ರೆ ಅಣ್ಣನ ಹತ್ತಿರ ಹೊಸದು ಕಟ್ಟಿಸೋದು ಅವಳೇ.

ಕೇಳುಗರಲ್ಲಿ ಯಾರಿಗಾದ್ರೂ ಶುರುಮಾಡಬೇಕು ಅನ್ನಿಸಿದ್ರೆ, ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗಲ್ಲ, ಸಮುದ್ರ ಕದಡಿರುತ್ತೆ. ಅಕ್ಟೋಬರ್ ಆದ ಮೇಲೆ ನೋಡಿಕೊಳ್ಳಿ. ಕನ್ನಡಕ ಹಾಕೋರಿಗೆ ಪವರ್ ಇರೋ ಮಾಸ್ಕ್ ಸಿಗುತ್ತೆ, ಮುಂಚೆಯೇ ಕೇಳಿ. ಅಲ್ಲಿಯವರೆಗೆ ಬಚ್ಚಲು ಇದೆ, ಟಬ್ ಇದೆ. ಪಕ್ಕದಲ್ಲಿ ಎಣಿಸೋಕೆ ಒಬ್ಬರನ್ನ ಕೂರಿಸಿಕೊಳ್ಳಿ, ಒಬ್ಬರೇ ಮಾಡಬೇಡಿ.